ನಿನ್ನೆ ಕಲಿತವರೇ ಇವತ್ತಿನ ಮೇಷ್ಟ್ರು

ನಮ್ಮಕ್ಕ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅದೇ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು, ಮೂಗಿನ ತುದಿಯಲ್ಲೇ ಕೋಪ ಇರುವವನು. ಹದಿನೈದು ವರ್ಷದಿಂದ ಅವಳ ಪೀರಿಯಡ್ ಕಸಿಯುವುದೇ ನನ್ನ ಕಸುಬು. "ಪೋರ್ಷನ್ ಮುಗಿದಿಲ್ಲ" ಎನ್ನುವುದು, ಮಕ್ಕಳನ್ನು ಮೈದಾನದಿಂದ ಎಳೆದುಕೊಂಡು ಬರುವುದು. ಅವಳು ವಿಷಲ್ ಕಚ್ಚಿಕೊಂಡೇ ಬೈಯುತ್ತಿದ್ದಳು, ಹಾಗಾಗಿ ಏನು ಬೈದಳೆಂದು ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ಅವಳ ಭುಜ ಕೈಕೊಟ್ಟಿತು. ಡಾಕ್ಟರು ಬಲಗೈ ಬೀಸಲೇಬೇಡಿ ಎಂದರು. ವಾಲಿಬಾಲ್ ಸರ್ವ್ ಮಾಡಿ ತೋರಿಸಲಾರದ ಪಿ.ಟಿ. ಟೀಚರು! ಇದೇ ಸಮಯವೆಂದು ಹೆಡ್‌ಮಿಸ್ ಹತ್ತಿರ ಹೋಗಿ, ಎಂಟನೇ ಕ್ಲಾಸಿನ ಆಟದ ಪೀರಿಯಡ್ಡುಗಳನ್ನು ಗಣಿತಕ್ಕೆ ಕೊಡಿ ಎಂದೆ. ಹೌದು, ಒಡಹುಟ್ಟಿದವಳ ಬೆನ್ನ ಹಿಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆಡ್‌ಮಿಸ್ ಇಬ್ಬರನ್ನೂ ಕೂರಿಸಿ ತೀರ್ಮಾನ ಕೊಟ್ಟರು: ಒಂದು ತಿಂಗಳು ಗಡುವು. ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಯ ಸರ್ವ್ ನೆಟ್ ದಾಟಬೇಕು. ಇಲ್ಲದಿದ್ದರೆ ಪೀರಿಯಡ್ ಮೇಷ್ಟ್ರಿಗೆ.

ಹೊರಗೆ ಬಂದು ಅಕ್ಕ ಕೇಳಿದಳು, "ಎಲ್ಲಾ ಸರಿ ಕಣೋ, ನಿನ್ ಮಗಳೂ ಅದೇ ಕ್ಲಾಸು ಅನ್ನೋದು ನೆನಪಿದ್ಯಾ?"

ನನ್ನ ಮಗಳು ಲೆಕ್ಕದಲ್ಲಿ ನೂರಕ್ಕೆ ನೂರು. ಚೆಂಡು ಕಂಡರೆ ಮಾತ್ರ ಕಣ್ಣು ಮುಚ್ಚಿಕೊಂಡು ಯಾರದಾದರೂ ಬೆನ್ನ ಹಿಂದೆ ಅಡಗುತ್ತಾಳೆ.

ಮೊದಲ ವಾರ ಅಕ್ಕ ಶಾಲಾ ತಂಡದ ಕ್ಯಾಪ್ಟನ್‌ನನ್ನು ಕಲಿಸಲು ನಿಲ್ಲಿಸಿದಳು. ಅವನಿಗೆ ಸರ್ವ್ ಅಂದರೆ ನೀರು ಕುಡಿದಷ್ಟು ಸುಲಭ. "ಹೀಗೆ ಹೊಡೀರಿ, ಅಷ್ಟೇ," ಎನ್ನುತ್ತಿದ್ದ. ಹೇಗೆ ಎಂದರೆ, "ಅಯ್ಯೋ, ಹೀಗೇ!" ವಾರದ ಕೊನೆಗೆ ನೆಟ್ ದಾಟಿಸಿದವರು ಏಳೇ ಮಂದಿ. ಸ್ಟಾಫ್ ರೂಮಿನ ಕಿಟಕಿಯಿಂದ ಇಣುಕುತ್ತಿದ್ದ ನಾನು ಹಿರಿಹಿರಿ ಹಿಗ್ಗಿದೆ.

ಎರಡನೇ ವಾರ ಅವಳು ಕ್ಯಾಪ್ಟನ್‌ನನ್ನು ಕೂರಿಸಿ ಗುಬ್ಬಿಯನ್ನು ಕರೆದಳು. ಗುಬ್ಬಿ ಕ್ಲಾಸಿಗೇ ಗಿಡ್ಡಿ, ನನ್ನ ಪರೀಕ್ಷೆಯಲ್ಲಿ ಎರಡಂಕಿ ಕಂಡವಳಲ್ಲ. ಅವಳ ಸರ್ವ್ ಮೊದಲ ಸಲ ನೆಟ್ ದಾಟಿದ್ದು ಹಿಂದಿನ ದಿನವಷ್ಟೇ.

"ಏನಕ್ಕ, ನಿನ್ನೆ ಕಣ್ಣು ಬಿಟ್ಟೋಳು ಪಾಠ ಹೇಳ್ತಾಳಾ?" ಎಂದು ಮೂಗು ಮುರಿದೆ.

"ಎಲ್ಲಿ ಎಡವಿದೆ ಅಂತ ಅವಳಿಗಿನ್ನೂ ನೆನಪಿದೆ ಕಣೋ. ಆ ಹುಡುಗ ಎಡವಿದ್ದೇ ಇಲ್ಲ, ಅವನೇನು ಹೇಳ್ತಾನೆ?"

ಇವತ್ತು ಕಲಿತವರು ನಾಳೆ ಇನ್ನೊಬ್ಬರಿಗೆ ಕಲಿಸಬೇಕು, ಇದೇ ಅವಳ ನಿಯಮ. ಮೈದಾನದ ತುಂಬ ಜೋಡಿಗಳು. ಒಬ್ಬರು ಹೊಡೆದರೆ ಇನ್ನೊಬ್ಬರು ಕೈ ಎಲ್ಲಿ ತಪ್ಪಿತೆಂದು ಹೇಳಬೇಕು. ಅಕ್ಕ ಜೋಡಿಯಿಂದ ಜೋಡಿಗೆ ನಡೆಯುತ್ತಿದ್ದಳು, ಹೆಚ್ಚು ಮಾತಿಲ್ಲ. ನನ್ನ ಮಗಳನ್ನು ಗುಬ್ಬಿಯೇ ಕೈ ಹಿಡಿದು ಎಳೆದುಕೊಂಡು ಹೋದಳು.

ತಿಂಗಳ ಕೊನೆಗೆ, ಸರ್ವ್ ಪರೀಕ್ಷೆಯ ದಿನ, ಒಬ್ಬೊಬ್ಬರಿಗೆ ಎರಡು ಅವಕಾಶ. ಮೂವತ್ತೊಂಬತ್ತು ಮಕ್ಕಳ ಸರದಿ ಮುಗಿದಾಗ ಲೆಕ್ಕ ಇಪ್ಪತ್ತೊಂಬತ್ತಕ್ಕೆ ನಿಂತಿತ್ತು. ಉಳಿದವಳು ಸಾಲಿನ ಕೊನೆಯಲ್ಲಿ ಅಡಗಿದ್ದ ನನ್ನ ಮಗಳು.

ಮೊದಲ ಚೆಂಡು ನೆಟ್ಟಿಗೆ ಬಡಿಯಿತು. ನನಗೆ ಖುಷಿಯಾಗಬೇಕಿತ್ತು. ಆದರೆ ಮಗುವಿನ ತುಟಿ ನಡುಗುವುದು ಕಂಡು ನಾನು ಕೋರ್ಟಿನ ಗೆರೆಯವರೆಗೂ ಬಂದುಬಿಟ್ಟಿದ್ದೆ.

ಗುಬ್ಬಿ ಓಡಿಬಂದಳು. "ಚೆಂಡನ್ನ ಮೇಲಕ್ಕೆ ಎಸೀತಿದ್ದೀಯ ಕಣೇ. ಎಸೀಬೇಡ, ಸುಮ್ನೆ ಎಡಗೈಯಿಂದ ಬಿಟ್ಟು ಬಲಗೈಲಿ ಕೆಳಗಿಂದ ಹೊಡಿ. ನಾನೂ ಹಿಂಗೇ ತಪ್ಪು ಮಾಡ್ತಿದ್ದೆ. ಕಣ್ಣು ಮಾತ್ರ ಮುಚ್ಚಬೇಡ."

"ಹೊಡಿ ಪುಟ್ಟೀ!"

ಹಾಗೆ ಕಿರುಚಿದ್ದು ಯಾರೆಂದು ನೋಡಿದರೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೆಂಡು ನೆಟ್ಟನ್ನು ಸವರಿಕೊಂಡು ಆಚೆ ಬಿತ್ತು. ಮಗಳು ನನ್ನ ಹತ್ತಿರವೂ ಬರಲಿಲ್ಲ, ಅತ್ತೆಯ ಹತ್ತಿರವೂ ಹೋಗಲಿಲ್ಲ, ಗುಬ್ಬಿಯನ್ನು ಅಪ್ಪಿಕೊಂಡಳು.

"ಹೋಯ್ತಲ್ಲೋ ನಿನ್ ಪೀರಿಯಡ್ಡು!" ಅಕ್ಕ ನಕ್ಕಳು.

"ಹೋಗ್ಲಿ ಬಿಡಕ್ಕ," ಎಂದೆ.

ಮರುದಿನ ನನ್ನ ಕ್ಲಾಸಿನಲ್ಲಿ ಭಿನ್ನರಾಶಿ. ಎಂದಿನಂತೆ ಮಗಳ ಕೈ ಮೊದಲು ಮೇಲೆದ್ದಿತು. "ನೀನು ಕೂತ್ಕೋ," ಎಂದೆ. "ಇದು ನಿನ್ನೆ ತಾನೇ ಅರ್ಥ ಆಗಿದ್ದು ಯಾರಿಗೆ?"

ಹಿಂದಿನ ಬೆಂಚಿನಿಂದ ಒಬ್ಬ ಹುಡುಗನ ಕೈ ಅರೆಮನಸ್ಸಿನಲ್ಲಿ ಎದ್ದಿತು. ಸೀಮೆಸುಣ್ಣ ಆ ಕೈಗೆ ಕೊಟ್ಟು, ನಾನು ಹೋಗಿ ಗುಬ್ಬಿಯ ಪಕ್ಕ ಕೂತೆ.