ನಟರ ಬೆನ್ನ ಹಿಂದಿನ ಬೆಟ್ಟ

ಬೆಳಗಿನ ಐದೂವರೆ. ಲಾಸ್ ಏಂಜಲೀಸ್‌ನ ಗೋದಾಮೊಂದರಲ್ಲಿ ಸಮೀಹಾ ಅಬು ಶಾಹೀನ್ ಬರೀ ಕಾಲುಚೀಲದಲ್ಲಿ ಆಕಾಶದ ಮೇಲೆ ನಡೆಯುತ್ತಿದ್ದಾಳೆ. ಆಕಾಶವೆಂದರೆ ನೆಲಕ್ಕೆ ಹಾಸಿದ ಕ್ಯಾನ್ವಾಸ್, ನಮ್ಮ ಮದುವೆ ಛತ್ರದ ಊಟದ ಹಾಲ್‌ನಷ್ಟು ದೊಡ್ಡದು. ಎದೆಯೆತ್ತರದ ಕೋಲಿಗೆ ಕಟ್ಟಿದ ಬ್ರಷ್ಷನ್ನು ಪೊರಕೆಯಂತೆ ಹಿಡಿದು, ಬೂದುನೀಲಿಯನ್ನು ಒಂದು ಕಡೆಯಿಂದ ಎಳೆಯುತ್ತಾ ಬರುತ್ತಾಳೆ. ಬಗ್ಗುವುದಿಲ್ಲ, ಅಳಿಸುವುದಿಲ್ಲ. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಿಂದ ಕತ್ತಲಲ್ಲೇ ಡ್ರೈವ್ ಮಾಡಿಕೊಂಡು ಬಂದ ನಾನು ಗೋಡೆಗೊರಗಿ ಕಾಫಿ ಕುಡಿಯುತ್ತಾ ನೋಡುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ. ಕಾಫಿಯಿಂದಲ್ಲ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವವರು ಮೆಚ್ಚಿ ಬರೆಯುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ಓದುಗರಿಗೆ ಮೊದಲೇ ತಿಳಿದಿರಲಿ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿ ಪದಕ ತೆಗೆದುಕೊಂಡವಳು ನಾನು. ಗಂಡನ ವೀಸಾದ ಮೇಲೆ ಬಂದವಳಿಗೆ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ 2001ರಿಂದಲೂ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನಾಟಕಕ್ಕೆ ಪರದೆ ಬರೆಯುವುದೇ ನನ್ನ ಕಲಾಸೇವೆ.

ಸಮೀಹಾ ಬರೆಯುವುದೂ ಪರದೆಯನ್ನೇ. ಸಿನಿಮಾದಲ್ಲಿ ನಟ ಕಿಟಕಿಯ ಬಳಿ ನಿಂತು ಅಳುತ್ತಾನಲ್ಲ, ಆ ಕಿಟಕಿಯಾಚೆ ಕಾಣುವ ಬೆಟ್ಟ, ಸಮುದ್ರ, ಸಂಜೆ ಇವಳದು. ಕ್ಯಾಮೆರಾ ನಟನ ಮುಖವನ್ನು ಹಿಡಿದಾಗ ಹಿಂದಿನದೆಲ್ಲ ಮಸುಕಾಗುತ್ತದೆ. ಇವಳ ಹೆಸರು ತೆರೆಯ ಮೇಲೆ ಬರುವುದಿಲ್ಲ. "ಹಿಂದೆ ಇರೋದು ಚಿತ್ರ ಅಂತ ಯಾರಿಗೂ ಗೊತ್ತಾಗದಿದ್ದರೆ ನಾನು ಚೆನ್ನಾಗಿ ಮಾಡಿದ್ದೀನಿ ಅಂತ" ಎನ್ನುತ್ತಾಳೆ. ಅವಳು ಹೇಳುವುದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತರುತ್ತಿರುವವಳು ನಾನು.

ಅವಳಿಗೀಗ ಮೂವತ್ತೆಂಟು. ಊರು ಗೋಲಾನ್ ಬೆಟ್ಟಸೀಮೆಯ ಒಂದು ದ್ರೂಜ್ ಹಳ್ಳಿ, ತಲೆಯ ಮೇಲೇ ಹಿಮದ ಬೆಟ್ಟ. ದ್ರೂಜರು ಸಣ್ಣ ಸಮುದಾಯ. ತಮ್ಮ ಧರ್ಮದ ಒಳಮಾತನ್ನು ದೀಕ್ಷೆ ಪಡೆದವರಿಗಲ್ಲದೆ ಬೇರೆಯವರಿಗೆ ಹೇಳುವುದಿಲ್ಲ. ಅಮ್ಮ ದೀಕ್ಷೆ ಪಡೆದು ಬಿಳಿ ಸೆರಗು ಹೊದ್ದವಳು, ಮಗಳು ಪಡೆದಿಲ್ಲ. 1967ರ ಯುದ್ಧವಾದ ಮೇಲೆ ಹಳ್ಳಿ ಇಸ್ರೇಲಿನ ಕೈಗೆ ಬಂತು, ಕಣಿವೆಯಾಚೆಯ ನೆಂಟರು ಸಿರಿಯಾದಲ್ಲೇ ಉಳಿದರು. ಅಕ್ಕ ವಫಾಳಿಗೆ ಆಚೆಯ ಗಂಡು ಗೊತ್ತಾಯಿತು. ಮದುವೆಯ ಬಟ್ಟೆಯಲ್ಲೇ ಗಡಿಯ ಗೇಟು ದಾಟಿದಳು. ಹಾಗೆ ದಾಟಿದ ಮದುಮಗಳಿಗೆ ಮತ್ತೆ ತವರಿಲ್ಲ.

ಅಲ್ಲಿಂದ ಮುಂದೆ ರಜೆಯ ದಿನ ಮನೆಮಂದಿಯೆಲ್ಲ ಕಣಿವೆಯ ಅಂಚಿಗೆ ಹೋಗಿ ನಿಲ್ಲುವುದು, ಆಚೆ ದಡದಲ್ಲಿ ಅಕ್ಕ ನಿಲ್ಲುವುದು. ಧ್ವನಿವರ್ಧಕದಲ್ಲಿ ಕೂಗುವುದು, ದುರ್ಬೀನಿನಲ್ಲಿ ನೋಡುವುದು. "ಅಮ್ಮ ದುರ್ಬೀನು ಬಿಡುತ್ತಲೇ ಇರಲಿಲ್ಲ. ನನ್ನ ಸರದಿ ಬರೋ ಹೊತ್ತಿಗೆ ಅಕ್ಕ ಮಗು ಎತ್ತಿಕೊಂಡು ಹೊರಟುಬಿಟ್ಟಿರುತ್ತಿದ್ದಳು. ಅಮ್ಮನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ?"

ಕಣ್ಣಿಗೆ ಪೊರೆ ಬಂದ ಮೇಲೆ ಅಮ್ಮ ಆ ದುರ್ಬೀನನ್ನು ಇವಳಿಗೇ ಕೊಟ್ಟಳು. ಈಗ ಅದು ಗೋದಾಮಿನ ಏಣಿಗೆ ನೇತುಬಿದ್ದಿದೆ. ಚಿತ್ರದ ಮೇಲೇ ನಿಂತವರಿಗೆ ಚಿತ್ರ ಕಾಣುವುದಿಲ್ಲ. ಆಗಾಗ ಏಣಿ ಹತ್ತಿ, ದುರ್ಬೀನನ್ನು ತಿರುಗುಮುರುಗು ಹಿಡಿದು ಕೆಳಗೆ ನೋಡುತ್ತಾಳೆ. ಹತ್ತಿರದ್ದು ದೂರ ಸರಿದು, ಕ್ಯಾಮೆರಾಗೆ ಹೇಗೆ ಕಂಡೀತೆಂದು ತಿಳಿಯುತ್ತದೆ.

ಲಾಸ್ ಏಂಜಲೀಸ್‌ಗೆ ಚಿಕ್ಕಪ್ಪನ ಮನೆಗೆ ಬಂದವಳು ಮೊದಲು ಇದೇ ಗೋದಾಮಿನಲ್ಲಿ ಬಣ್ಣದ ಬಕೆಟ್ ತೊಳೆದಳು. "2001ರ ಸೆಪ್ಟೆಂಬರಿನಲ್ಲಿ ಆ ಅವಳಿ ಗೋಪುರ ಬಿದ್ದ ಮೇಲೆ ಎಲ್ಲರ ಕಥೆಗೂ ನಮ್ಮ ಕಡೆಯ ಬೋಳು ಬೆಟ್ಟಗಳೇ ಬೇಕಾದವು. ನನಗೆ ಬ್ರಷ್ಷು ಸಿಕ್ಕಿತು. ಮನೆ ಬಾಗಿಲಿಗೆ ಮಾತ್ರ ಯಾರೋ ಮೊಟ್ಟೆ ಹೊಡೆದು ಹೋದರು." ಕಥೆ ಯಾವ ದೇಶದ್ದಾದರೂ ಇವಳು ಬರೆಯುವುದು ತನ್ನೂರ ಬೆಟ್ಟದ ಸಾಲನ್ನೇ. ಅತ್ತ ಸಿರಿಯಾದಲ್ಲಿ ವಫಾ ಅಂಗಡಿಯಿಂದ ಸಿನಿಮಾ ಡಿಸ್ಕ್ ತಂದು ಆ ಬೆಟ್ಟಗಳನ್ನು ಹುಡುಕುತ್ತಾಳೆ. "ಅಕ್ಕನಿಗೆ ಹೀರೋ ಸತ್ತನೋ ಬದುಕಿದನೋ ಗೊತ್ತಿರಲ್ಲ. ಫೋನ್ ಮಾಡಿ, ಕಿಟಕಿ ಹಿಂದೆ ಇದ್ದದ್ದು ನಿಂದು ತಾನೇ, ಎಲ್ಲ ಮಂಜು ಮಂಜು ಅಂತಾಳೆ."

ಹೋದ ವರ್ಷ, 2007ರ ನವೆಂಬರಿನಲ್ಲಿ ಹಾಲಿವುಡ್ ಬರಹಗಾರರ ಮುಷ್ಕರ ಶುರುವಾಗಿ ಗೋದಾಮಿಗೆ ಬೀಗ ಬಿತ್ತು. ಲಾಸ್ ಏಂಜಲೀಸ್ ಹತ್ತಿರದ ವಾಲ್‌ನಟ್ ಊರಿನಲ್ಲಿ ಸಮೀಹಾಳ ಪಕ್ಕದ ಮನೆಯವಳು ನಮ್ಮ ಮೈಸೂರಿನ ತಸ್ನೀಮ್, ನನ್ನ ಹಳೆಯ ಗೆಳತಿ. ಫೋನ್ ಮಾಡಿದಳು. "ಹರಿಣಿ, ನಿಮ್ ನಾಟಕದ ಪರದೆಗೆ ಒಬ್ಳನ್ನ ಕಳಿಸ್ತೀನಿ ಕಣೆ."

"ನಂಗ್ಯಾಕೆ ಹೆಲ್ಪು? ಅರ್ಧ ಮುಗ್ಸಿದೀನಿ."

"ನಿಂಗಲ್ಲ ಕಣೆ, ಅವಳಿಗೆ ಬೇಕು. ಕೆಲ್ಸ ಇಲ್ದೆ ಗೋಡೆ ನೋಡ್ಕೊಂಡು ಕೂತಿದಾಳೆ."

ಬಂದಳು. ನಮ್ಮ ಗ್ಯಾರೇಜಿನಲ್ಲಿ ಹಾಸಿದ್ದ ಪರದೆಯಲ್ಲಿ ನಾನು ಎರಡು ವಾರಾಂತ್ಯ ಕೂತು ಪೆನ್ಸಿಲಿನಲ್ಲಿ ಚೌಕ ಹಾಕಿ ಚಾಮುಂಡಿ ಬೆಟ್ಟ ಗುರುತು ಮಾಡಿದ್ದೆ. ಅವಳು ಬೆಟ್ಟದ ಫೋಟೋ ನೋಡಿ, ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದಷ್ಟೇ ಕೇಳಿ ಚಪ್ಪಲಿ ಬಿಟ್ಟಳು. ಮಧ್ಯಾಹ್ನದ ಊಟಕ್ಕೆ ಕರೆಯುವಾಗ ಬೆಟ್ಟ ನಿಂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಹಸಿರು ಜಾಸ್ತಿಯಾಯಿತು ಎಂದೆ. ಬೇಸರಪಡದೆ ಒಂದಿಷ್ಟು ಬೂದಿಬಣ್ಣ ಬೆರೆಸಿ ಎಳೆದು "ಈಗ?" ಎಂದಳು. ಈಗ ಇನ್ನೂ ಚೆನ್ನಾಗಿತ್ತು.

ನಾಟಕದ ದಿನ ತೆರೆ ಸರಿದಾಗ ವೇದಿಕೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಬರೀ ಬೆಟ್ಟ. ಸಭಾಂಗಣ ಪೂರ್ತಿ ಚಪ್ಪಾಳೆ ತಟ್ಟಿತು. ನನ್ನ ಯಾವ ಪರದೆಗೂ ಯಾರೂ ತಟ್ಟಿದವರಲ್ಲ. ಹಲ್ಲು ಕಚ್ಚಿಕೊಂಡು ಮೈಕಿನಲ್ಲಿ ಅವಳ ಹೆಸರು ಹೇಳಿದೆ. ಸಂಘಕ್ಕೆ ವಿಡಿಯೊ ತೆಗೆಯುವ ಕೇಶವಮೂರ್ತಿ ಅಂಕಲ್ ಆಮೇಲೆ ಬಂದು "ಬೆಟ್ಟ ಅಂದ್ರೆ ಇದು ಕಣಮ್ಮ" ಎಂದರು. ಕೈಲಾಗದವಳು ಮೈ ಪರಚಿಕೊಂಡೆ.

ಅಂಕಲ್ ಕ್ಯಾಮೆರಾ ಸಣ್ಣದು. ಅದಕ್ಕೆ ಮಸುಕು ಮಾಡುವ ವಿದ್ಯೆಯೇ ಗೊತ್ತಿಲ್ಲ. ಮುಂದಿನ ಸಾಲಿನವರ ತಲೆ, ನಟರು, ಬೆಟ್ಟ ಎಲ್ಲ ಸ್ಪಷ್ಟ. ಆ ವಿಡಿಯೊ ಡಿಸ್ಕಿನ ಒಂದು ಪ್ರತಿ ಸಿರಿಯಾಕ್ಕೆ ಹೋಯಿತು. ಭಾಷೆ ತಿಳಿಯದ ಕನ್ನಡ ನಾಟಕವನ್ನು ವಫಾ ಪೂರ್ತಿ ನೋಡಿದಳಂತೆ. "ಇದು ನಮ್ಮ ಬೆಟ್ಟ ಅಲ್ಲ, ಆದರೆ ಬಂಡೆಗಳು ನಿನ್ನವೇ, ಮೊದಲನೇ ಸಲ ನಿನ್ನ ಚಿತ್ರ ನೋಡಿದೆ ಅಂದಳು" ಎಂದು ಸಮೀಹಾ ಬ್ರಷ್ ಹಿಂಡುತ್ತಾ ಹೇಳುತ್ತಾಳೆ.

ಚಪ್ಪಾಳೆಗಿಂತ ಇದು ನನ್ನನ್ನು ಹೆಚ್ಚು ಉರಿಸುತ್ತದೆ. ಮೈಸೂರಿನ ನನ್ನಕ್ಕನಿಗೂ ವರ್ಷವರ್ಷ ಡಿಸ್ಕ್ ಕಳಿಸುತ್ತೇನೆ. ನಿನ್ನ ಸೀರೆ ಚೆನ್ನಾಗಿತ್ತು ಎನ್ನುತ್ತಾಳೆ. ಪರದೆ ನೋಡಿದೆಯಾ ಎಂದರೆ "ಯಾವ ಪರ್ದೆ?"

ಮನಸ್ಸಿನಲ್ಲಿಟ್ಟುಕೊಂಡು ಸಾಕಾಗಿ ಅವಳಿಗೇ ಹೇಳುತ್ತೇನೆ. "ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು."

ಅವಳು ಬಣ್ಣ ಎಳೆಯುತ್ತಲೇ ಇದ್ದಾಳೆ. "ನಿನ್ನ ಅಕ್ಕನನ್ನ ಕಡೇ ಸಲ ನೋಡಿದ್ದು ಯಾವಾಗ?"

"ಹೋದ ಬೇಸಿಗೆಯಲ್ಲಿ. ಒಂದು ಸೀರೆಗೆ ಜಗಳ ಆಡಿ ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದೆವು."

ಬೆಳಗಿನಿಂದ ಮೊದಲ ಸಲ, ಎಳೆಯುತ್ತಿದ್ದ ಬ್ರಷ್ ಅರ್ಧಕ್ಕೇ ನಿಲ್ಲುತ್ತದೆ. "ಹಾಗಾದರೆ ನಿನ್ನ ಕಂಡರೆ ನನಗೂ ಹೊಟ್ಟೆಕಿಚ್ಚು" ಎನ್ನುತ್ತಾಳೆ.

ಮುಷ್ಕರ ಮುಗಿದಿದೆ, ಕೆಲಸ ಮರಳಿದೆ. ಎಷ್ಟು ದಿನವೋ, ಬರೆದ ಪರದೆಯ ಬದಲು ದೊಡ್ಡ ದೊಡ್ಡ ಫೋಟೋಗಳನ್ನೇ ಪ್ರಿಂಟ್ ಹಾಕಿಸಿ ನೇತುಹಾಕುವವರು ಹೆಚ್ಚಾಗುತ್ತಿದ್ದಾರೆ. ಏನು ಆಸೆ ಎಂದು ಕೇಳುತ್ತೇನೆ. "ಒಂದೇ ಒಂದು ಸಲ ಆ ನಟ ಮಸುಕಾಗಲಿ. ಹಿಂದೆ ನಮ್ಮೂರ ಬೆಟ್ಟ ಸ್ಪಷ್ಟವಾಗಿ ಕಾಣಲಿ. ಅಕ್ಕ ಹುಡುಕೋದು ಬೇಡ."

ಹೊರಡುವ ಮುನ್ನ ಏಣಿ ಹತ್ತಿಸಿ ದುರ್ಬೀನು ಕೈಗಿಡುತ್ತಾಳೆ. ತಿರುಗುಮುರುಗು ಹಿಡಿದು ನೋಡುತ್ತೇನೆ. ಬೆಳಗಿನ ಆಕಾಶದಡಿ ಅವಳು ಆಗಲೇ ಎಬ್ಬಿಸಿದ ಬೆಟ್ಟ ಕಣಿವೆಯಾಚೆ ಹೋಗಿ ನಿಂತಿದೆ, ಸ್ವಲ್ಪ ಮಂಜಾಗಿ. ಸರಿಮಾಡಲು ನಡುವಿನ ಗಾಲಿಗೆ ಬೆರಳಿಡುತ್ತೇನೆ. ಕೆಳಗಿನಿಂದ ಸಮೀಹಾ ಕೈಯೆತ್ತುತ್ತಾಳೆ.

"ಅದನ್ನ ತಿರುಗಿಸಬೇಡ. ಅಮ್ಮ ಅಕ್ಕನ ಮುಖಕ್ಕೆ ಸರಿಮಾಡಿ ಇಟ್ಟಿದ್ದು, ಹಾಗೇ ಇರಲಿ."