ಕೋಲಿನಿಂದ ಬಡಿಯುವ ವಾದ್ಯ

ನನ್ನ ಅಣ್ಣ ಆಗ ಕೊಲ್ಲಿ ದೇಶದಲ್ಲಿ, ಬೌಷರಿನ ನಮ್ಮ ಫ್ಲಾಟಿನಲ್ಲೇ ಇದ್ದ. ವಾರವಿಡೀ ಆಫೀಸು, ಶುಕ್ರವಾರ ಬೆಳಿಗ್ಗೆ ನಮ್ಮ ಹಾಲಿನಲ್ಲಿ ಮಕ್ಕಳಿಗೆ ಪಿಟೀಲು ಪಾಠ. ಸ್ವರ ತಪ್ಪಿದರೆ ಬೆರಳಿನ ಗಂಟಿಗೇ ಸ್ಕೇಲಿನಿಂದ ಬಾರಿಸುತ್ತಿದ್ದ. ಉಡುಪಿಯಲ್ಲಿ ತಾನು ಕಲಿತದ್ದೂ ಹಾಗೆಯೇ ಅಂತೆ. ನನ್ನ ಮಗಳಿಗೂ ರಿಯಾಯಿತಿ ಇರಲಿಲ್ಲ. ನಾನು ಜಗಳಕ್ಕೆ ನಿಂತರೆ, ಛಡಿ ಏಟು ಚಂ ಚಂ, ವಿದ್ಯೆ ಘಂ ಘಂ ಎಂದು ನಗುತ್ತಿದ್ದ. ಅದೇ ಮನುಷ್ಯ ಪಿಟೀಲನ್ನು ಮಾತ್ರ ಕಣ್ಣಿಗೊತ್ತಿಕೊಂಡೇ ಎತ್ತುತ್ತಿದ್ದ. ಯಾರ ಕಾಲಾದರೂ ಅದಕ್ಕೆ ತಾಗಿತೋ, ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ.

ಒಂದು ಸಂಜೆ ಹತ್ತಿರದ ಹೋಟೆಲಿನಲ್ಲಿ ಯುರೋಪಿನ ರೋಮಾ ಎಂಬ ಅಲೆಮಾರಿ ಜನಾಂಗದ ದಂಪತಿಯ ಕಛೇರಿಯಿತ್ತು; ಅಣ್ಣ, ನಾನು, ಮಗಳು ಮೂವರೂ ಹೋಗಿದ್ದೆವು. ಅಲ್ಲಿನ ಶಾಸ್ತ್ರೀಯ ಕೃತಿಗಳನ್ನು ತಮ್ಮ ಹಳ್ಳಿಯ ಧಾಟಿಯಲ್ಲಿ ನುಡಿಸುವವರು. ಅವರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ನಮ್ಮ ದೇಶದಿಂದ ಹೋದವರೆಂದು ನಿರೂಪಕಿ ಹೇಳಿದಾಗ ಅಣ್ಣ, ನಮ್ಮವರೇ ಎಂದು ಹೆಮ್ಮೆಯಿಂದ ನನ್ನ ಕೈ ತಿವಿದ.

ಗಂಡ ಪಿಟೀಲಿನಲ್ಲಿ ಒಂದು ನಿಧಾನದ ಕೃತಿಯನ್ನು ಎತ್ತಿಕೊಂಡ. ಅಣ್ಣ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಆಗ ಹೆಂಡತಿ ಚೆಲ್ಲೋದಂಥ ದೊಡ್ಡ ತಂತಿವಾದ್ಯವನ್ನು ಓರೆಯಾಗಿ ಹಿಡಿದು, ಲಟ್ಟಣಿಗೆಯಷ್ಟು ದಪ್ಪದ ಕೋಲಿನಿಂದ ಅದರ ತಂತಿಗಳಿಗೆ ಬಡಿದಳು. ಮತ್ತೆ ಬಡಿದಳು. ಗಂಡನ ಪಿಟೀಲು ಕಿರುಚಿಕೊಂಡು ಓಡಿತು, ಅವಳು ಬಡಿಯುತ್ತಾ ಅಟ್ಟಿಸಿಕೊಂಡು ಹೋದಳು. ಹೆದರಿಕೆಯಾದರೂ ಆ ಸಂಗೀತ ನಿಲ್ಲಬಾರದು ಅನಿಸಿತು.

ಅಣ್ಣ ಎದ್ದ. ನಾನು ಅಂಗಿ ಹಿಡಿದೆಳೆಯುವಷ್ಟರಲ್ಲಿ ವೇದಿಕೆ ಹತ್ತಿ, ಕೋಲಿನ ಜೊತೆಗೆ ಅವಳ ಮಣಿಕಟ್ಟನ್ನೂ ಹಿಡಿದು ತಿರುಚಿದ. ಗಂಡ ಪಿಟೀಲನ್ನು ಜೋಪಾನವಾಗಿ ಕುರ್ಚಿಯ ಮೇಲಿಟ್ಟು, ಆಮೇಲೆ ಅಣ್ಣನ ಮೂಗಿಗೆ ಗುದ್ದಿದ. ರಕ್ತ ಬಿಳಿ ಅಂಗಿಗೆಲ್ಲ ಹರಿಯಿತು. ಸೆಕ್ಯುರಿಟಿಯವರು ಅಣ್ಣನನ್ನು ಬೋರಲು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿದರು.

ಮ್ಯಾನೇಜರ್ ಬಂದು, ಪೊಲೀಸರನ್ನು ಕರೆಯಲೇ ಎಂದು ಆ ಹೆಂಗಸನ್ನೇ ಕೇಳಿದ. ಈ ದೇಶದಲ್ಲಿ ಪರಸ್ತ್ರೀಯ ಕೈ ಹಿಡಿದವನ ಗತಿ ಏನೆಂದು ನನಗೆ ಗೊತ್ತಿತ್ತು. ಜೈಲು, ಆಮೇಲೆ ವೀಸಾ ರದ್ದು. ಮಗಳನ್ನೂ ಎಳೆದುಕೊಂಡು ವೇದಿಕೆಗೆ ಓಡಿ ಅವಳ ಮುಂದೆ ಕೈ ಮುಗಿದೆ.

"ಸರಸ್ವತಿಗೆ ಯಾರಾದ್ರೂ ದೊಣ್ಣೆಯಲ್ಲಿ ಬಡೀತಾರಾ? ಕೇಳು ಅವಳತ್ರ," ಅಂದ ಅಣ್ಣ, ನೆಲದಿಂದಲೇ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಇದು ಬಡಿಯಲೆಂದೇ ಮಾಡಿದ ವಾದ್ಯ, ಬಡಿಯುವುದನ್ನು ಕಲಿಸಿದ್ದು ತನ್ನ ಅತ್ತೆ, ಮರಕ್ಕೆ ನೋವಾಗುವುದಿಲ್ಲ ಅಂದಳು. ಆಮೇಲೆ ಅಣ್ಣನನ್ನು ಎಬ್ಬಿಸಿ ಕೂರಿಸಲು ಹೇಳಿ, ಅವನ ಕೈಯನ್ನು ಕುರ್ಚಿಯ ಮೇಲೆ ಚಪ್ಪಟೆಯಾಗಿ ಇಡಿಸಿ, ಕೋಲೆತ್ತಿ ಬೆರಳಿನ ಗಂಟುಗಳ ಮೇಲೆ ಒಂದೇ ಒಂದು ಏಟು ಹಾಕಿದಳು. ಸಭೆಯೆಲ್ಲ ಹಾ ಎಂದಿತು.

"ಖಲಾಸ್," ಎಂದು ಮ್ಯಾನೇಜರನಿಗೆ ಹೇಳಿ ತನ್ನ ಜಾಗಕ್ಕೆ ಹೋದಳು.

ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು. ಅಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಬೆರಳಿಗೆ ಉಫ್ ಉಫ್ ಎಂದು ಊದುತ್ತಿದ್ದ. ಮಗಳು ಅವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

"ಊದ್ಬೇಡಿ ಮಾಮ, ಜಾಸ್ತಿ ಉರೀತದೆ. ಟ್ಯಾಪ್ ಕೆಳಗೆ ಹಿಡೀರಿ. ನಾನು ಯಾವಾಗ್ಲೂ ಹಾಗೇ ಮಾಡುದು."