ಹರಾಜು ಮುಗಿದ ಮೇಲೆ ಕಾರಣ ಹೇಳಿದವರು

ಹೋದ ವಾರ ಆಫೀಸಿನಿಂದ ಬಂದು ಲಿಫ್ಟ್ ಹತ್ತಿದಾಗ ಒಳಗೆ ನೋವಿನ ಮುಲಾಮಿನ ಘಾಟು ತುಂಬಿಕೊಂಡಿತ್ತು. ಯಾರೋ ಮೊಣಕಾಲಿಗೆ ಧಾರಾಳವಾಗಿ ಬಳಿದುಕೊಂಡು ಆಗಷ್ಟೇ ಇಳಿದು ಹೋಗಿರಬೇಕು. ಏನೋ ಯೋಚಿಸುತ್ತ ಬಟನ್ ಒತ್ತಿದೆ. ಬಾಗಿಲು ತೆರೆದಾಗ ನೋಡಿದರೆ ನಮ್ಮ ಮಹಡಿಯಲ್ಲ, ಅದರ ಮೇಲಿನದು. ಎದುರಿನ ಫ್ಲಾಟಿನ ಬಾಗಿಲಲ್ಲಿ ಯಾರದೋ ಮಗುವಿನ ಸೈಕಲ್ಲು ಇತ್ತು. ಅಲ್ಲಿ ಈಗ ಬೇರೆಯವರಿದ್ದಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಸ್ವಲ್ಪ ಹೊತ್ತು ಲಿಫ್ಟಿನಲ್ಲೇ ನಿಂತಿದ್ದೆ...

ಆ ಮನೆಯಲ್ಲಿದ್ದವರನ್ನು ನನ್ನ ಮಗಳು ಅಂಕಲ್ ಎನ್ನುತ್ತಿದ್ದಳು. ಮಗುವಿರುವ ಮನೆಯಲ್ಲಿ ಆಗುವ ಹಾಗೆ ನನಗೂ ನನ್ನ ಹೆಂಡತಿಗೂ ಅದೇ ರೂಢಿಯಾಗಿ, ಕೊನೆಗೆ ಇಡೀ ಬಿಲ್ಡಿಂಗಿಗೇ ಅವರು ಅಂಕಲ್ ಆದರು. ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ, ಕೆಲಸ ಈ ಕೊಲ್ಲಿ ದೇಶದಲ್ಲಿ, ಮಿರ್ಕಾಬಿನ ಒಂದು ಟ್ರಾವೆಲ್ ಆಫೀಸಿನಲ್ಲಿ. ನಾನು ವಿಜಯಪುರದ ಕಡೆಯವನು, ಇಲ್ಲಿ ಇಂಜಿನಿಯರ್. ಅವರ ಕನ್ನಡ ನನಗೂ ನನ್ನ ಕನ್ನಡ ಅವರಿಗೂ ಮೊದಮೊದಲು ನಗು ತರಿಸುತ್ತಿತ್ತು. ಅವರ ಎರಡೂ ಮೊಣಕಾಲು ಕೆಟ್ಟಿದ್ದವು. ಓಡಲು ಆಗದಿದ್ದರೂ ಕ್ರಿಕೆಟ್ ಬಿಡಲು ಮನಸ್ಸಿಲ್ಲದೆ ಒಂದು ಟೀಮಿನ ಯಜಮಾನರಾಗಿ ಕೂತಿದ್ದರು.

ನಾವಿರುವ ಖೈತಾನಿನ ಕನ್ನಡಿಗರ ಟೆನಿಸ್ ಬಾಲ್ ಕ್ರಿಕೆಟ್ ಚಳಿಗಾಲದ ಶುಕ್ರವಾರಗಳಲ್ಲಿ ನಡೆಯುತ್ತಿತ್ತು. ಅದಕ್ಕೂ ಮೊದಲು ಒಂದು ಸಂಜೆ ಆಟಗಾರರ ಹರಾಜು. ದುಡ್ಡಿನ ಮಾತೇ ಇಲ್ಲ. ಪ್ರತಿ ಟೀಮಿಗೂ ಇಷ್ಟು ಪಾಯಿಂಟ್ ಎಂದು ಕೊಟ್ಟುಬಿಡುತ್ತಿದ್ದರು, ಅದರಲ್ಲೇ ಕೂಗಿ ಕೊಳ್ಳಬೇಕು. ಎಲ್ಲರ ಹೆಂಡತಿ ಮಕ್ಕಳೂ ಬರುತ್ತಿದ್ದರು. ಒಂದು ವರ್ಷ ಯಾರೋ ತಮ್ಮೂರಿನವರನ್ನೇ ಹುಡುಕಿ ಹುಡುಕಿ ಕೊಂಡು, ಅದು ಜಗಳಕ್ಕೆ ತಿರುಗಿ, ಎರಡು ಮನೆಗಳವರು ಮಾತು ಬಿಟ್ಟಿದ್ದರಂತೆ. ಆಮೇಲೆ ಹಿರಿಯರು ಸೇರಿ ಒಂದು ಪದ್ಧತಿ ತಂದರು. ಹರಾಜು ಮುಗಿದ ಮೇಲೆ ಪ್ರತಿ ಯಜಮಾನನೂ ಎದ್ದು ನಿಂತು ತಾನು ಯಾರನ್ನು ಯಾಕೆ ತೆಗೆದುಕೊಂಡೆ ಎಂದು ಸಭೆಗೆ ಕಾರಣ ಹೇಳಬೇಕು. ನಮ್ಮೂರಿನವನು, ನನ್ನ ಗೆಳೆಯ ಎಂಬ ಕಾರಣ ನಡೆಯುವುದಿಲ್ಲ. ಸಭೆ ಒಪ್ಪದಿದ್ದರೆ ಪಾಯಿಂಟ್ ವಾಪಸ್, ಆ ಆಟಗಾರ ಮತ್ತೆ ಯಾರಿಗೂ ಬೇಡದವರ ಸಾಲಿಗೆ.

ಆ ಸಾಲಿನಲ್ಲಿ ನಾನು ಪಳಗಿದವನು. ಎರಡು ವರ್ಷ ನನ್ನ ಹೆಸರು ಕೂಗಿದಾಗ ಹಾಲ್‌ನಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಹಾಗೆ ಉಳಿದವರಿಗೆ ಸ್ಕೋರ್ ಬರೆಯುವ ಕೆಲಸ. ಬೇಜಾರೇನೂ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದೆ, ಆದರೆ ಬೇಜಾರಿತ್ತು. ಮೂರನೆಯ ವರ್ಷ ಹೆಸರು ಕೊಡುವುದೇ ಬೇಡವೆಂದು ಸುಮ್ಮನಿದ್ದೆ. ನನ್ನ ಮಗಳು, ಆಗ ಪ್ರೈಮರಿ ಶಾಲೆಯಲ್ಲಿದ್ದವಳು, ನನಗೆ ಹೇಳದೆ ಹೋಗಿ ಹೆಸರು ಕೊಟ್ಟು ಬಂದಿದ್ದಳು. ಅವಳ ಕ್ಲಾಸಿನ ಹುಡುಗಿಯರ ಅಪ್ಪಂದಿರೆಲ್ಲ ಒಂದಲ್ಲ ಒಂದು ಟೀಮಿನಲ್ಲಿದ್ದರು. ಮನೆಯಲ್ಲಿ ನಾವು ಕನ್ನಡದಲ್ಲಿ ಮಾತಾಡಿಸಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಹರಾಜಿಗೆ ಹೋಗುವಾಗ ಕಾರಿನಲ್ಲಿ, ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, "ಪಪ್ಪಾ, ವಿಚ್ ಟೀಮ್ ವಿಲ್ ಟೇಕ್ ಯೂ?" ಎಂದು ಕೇಳಿದಳು. ಯಾರಾದರೂ ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಹರಾಜು ಕೂಗುತ್ತಿದ್ದವನು ಶುವೈಖಿನ ಗೋದಾಮೊಂದರ ಸೂಪರ್‌ವೈಸರ್. ಅಲ್ಲಿ ಡ್ರೈವರುಗಳ ಮೇಲೆ ಕೂಗಾಡಿ ಕೂಗಾಡಿ ಗಂಟಲು ಪಳಗಿತ್ತು. ಒಂದು ಸಲ, ಎರಡು ಸಲ ಎನ್ನುವ ಬದಲು ಅವನು "ಯಲ್ಲಾ, ಯಲ್ಲಾ" ಎಂದು ಕೂಗಿ, "ಖಲಾಸ್!" ಎಂದು ಮೇಜು ಗುದ್ದುತ್ತಿದ್ದ. ಅವನು ಮೇಜು ಗುದ್ದಿದ ಮೇಲೆ ಮುಗಿಯಿತು, ವ್ಯಾಪಾರ ವ್ಯಾಪಾರವೇ.

ನನ್ನ ಹೆಸರು ಕೊನೆಕೊನೆಗೆ ಬಂತು. ಆ ಹೊತ್ತಿಗೆ ಚಹಾ ಬಂದಿತ್ತು. ಟ್ರೇ ಹಿಡಿದವನು ಹಾಲ್‌ನ ಹಿಂದುಗಡೆಯಿಂದ ಹಂಚುತ್ತ ಬಂದು, ಅಂಕಲ್ ಕೂತಿದ್ದ ಸಾಲನ್ನು ಬಿಟ್ಟು ಮುಂದೆ ಹೋಗಿಬಿಟ್ಟಿದ್ದ. ಅವರಿಗೆ ಚಹಾ ಎಂದರೆ ಜೀವ. ಹರಾಜಿನವನು ನನ್ನ ಹೆಸರು ಕೂಗಿದ. ಸದ್ದಿಲ್ಲ. ಇನ್ನೊಂದು ಸಲ ಕೂಗಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳು ತಿರುಗಿ ಅಲ್ಲಿದ್ದವರನ್ನೆಲ್ಲ ನೋಡತೊಡಗಿದಳು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಆಗ ಅಂಕಲ್ ಟ್ರೇ ಹೋದ ದಿಕ್ಕಿಗೆ ಕತ್ತು ಹೊರಳಿಸಿ ಕೈ ಎತ್ತಿದರು. ಹರಾಜಿನವನಿಗೂ ನನ್ನ ಹೆಸರು ದಾಟಿದರೆ ಸಾಕಾಗಿತ್ತೋ ಏನೋ, ಹಿಂದೆ ಮುಂದೆ ನೋಡದೆ "ಖಲಾಸ್!" ಎಂದು ಗುದ್ದಿಯೇಬಿಟ್ಟ.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಂಕಲ್ ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ಸುತ್ತ ನೋಡಿದರು. ಅಷ್ಟರಲ್ಲಿ ಟ್ರೇಯವನು ಓಡಿಬಂದು ಅವರ ಕೈಗೆ ಚಹಾ ಕೊಟ್ಟ. ಮತ್ತೆ ನಗು. ನಗದೆ ಇದ್ದವರು ನಾನು ಮತ್ತು ನನ್ನ ಮಗಳು. ಅವಳ ಮುಖದಲ್ಲಿ ಮೊದಲು ಅರಳಿದ ಖುಷಿ, ಆ ನಗುವಿನ ನಡುವೆ ನಿಧಾನವಾಗಿ ಇಳಿದು ಹೋದದ್ದನ್ನು ನಾನು ನೋಡಿದೆ. ಆ ಹೊತ್ತಿಗೆ ಎದ್ದು ಮನೆಗೆ ಹೋಗಿಬಿಡೋಣ ಅನಿಸಿತ್ತು.

ಆಮೇಲೆ ಕಾರಣ ಹೇಳುವ ಹೊತ್ತು ಬಂತು. ಉಳಿದ ಯಜಮಾನರು ಏನೇನು ಹೇಳಿದರೋ ನೆನಪಿಲ್ಲ... ಅಂಕಲ್ ಎದ್ದು ಮೊಣಕಾಲು ಒತ್ತಿಕೊಳ್ಳುತ್ತ ಒಬ್ಬೊಬ್ಬರನ್ನೇ ವಿವರಿಸಿದರು. ವಿಕೆಟ್ ಕೀಪರನನ್ನು ತೆಗೆದುಕೊಂಡದ್ದಕ್ಕೆ ಅವರ ಕಾರಣ, ಅವನು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಸೀದಾ ಮೈದಾನಕ್ಕೆ ಬರುತ್ತಾನೆ, ಟೈಮಿಗೆ ಸರಿಯಾಗಿ ಬರುವವನು ಅವನೊಬ್ಬನೇ ಎಂಬುದು. ಒಬ್ಬ ಬೌಲರನನ್ನು ಕೊಂಡದ್ದು ಅವನ ಬೌಲಿಂಗಿಗಲ್ಲ, ಎದುರಿನವರ ಟೀಮಿನಲ್ಲಿದ್ದರೆ ಮೈದಾನ ತುಂಬ ಜಗಳ ತೆಗೆಯುತ್ತಾನೆ, ನಮ್ಮಲ್ಲೇ ಇರಲಿ ಎಂದು. ಸಭೆ ನಗುತ್ತ ಒಪ್ಪಿತು. ಕೊನೆಗೆ ಉಳಿದವನು ನಾನು. ಹರಾಜಿನವನೇ ದೊಡ್ಡ ಮನಸ್ಸು ಮಾಡಿದ.

"ಬಿಡಿ ಅಂಕಲ್, ನೀವು ಚಾಯ್‌ಗೆ ಕೈ ಎತ್ತಿದ್ದು ಎಲ್ಲಾ ನೋಡಿದ್ದೇವೆ. ತಪ್ಪಾಯ್ತು ಅಂತ ಹೇಳಿ ಸಾಕು, ಪಾಯಿಂಟ್ ವಾಪಸ್."

ಅದು ಸುಲಭವಿತ್ತು. ಯಾರೂ ಅವರನ್ನು ತಪ್ಪು ತಿಳಿಯುತ್ತಿರಲಿಲ್ಲ, ನಾನೂ ಕೂಡ. ಅಂಕಲ್ ಕಪ್ಪನ್ನು ಕುರ್ಚಿಯ ಮೇಲಿಟ್ಟರು. ಮುಂದಿನ ಸಾಲಿನ ಕಡೆಗೊಮ್ಮೆ ನೋಡಿದರು.

"ಕಾರಣ ಉಂಟು ಮಾರಾಯ್ರೆ, ಹೇಳ್ಲಿಕ್ಕೆ ಬಿಡಿ" ಎಂದು ಶುರು ಮಾಡಿದರು. "ನನ್ನ ಟೀಮಿನಲ್ಲಿ ಹೊಡೆಯುವವರು ಬೇಕಾದಷ್ಟು ಉಂಟು. ಹೊಡೀತಾರೆ, ಹುಚ್ಚರ ಹಾಗೆ ಓಡ್ತಾರೆ, ಒಬ್ಬರನ್ನೊಬ್ಬರು ರನ್‌ಔಟ್ ಮಾಡಿ ಬಂದು ಕೂತ್ಕೊಳ್ತಾರೆ. ಹೋದ ವರ್ಷ ನಾನು ಈ ಇಂಜಿನಿಯರ್ರ ಪಕ್ಕದಲ್ಲಿ ಕೂತಿದ್ದೆ, ಇವರು ಸ್ಕೋರ್ ಬರೀತಿದ್ರು. ಎಲ್ಲರೂ ಓಡು ಓಡು ಅಂತ ಬೊಬ್ಬೆ ಹೊಡೆಯುವಾಗ ಇವರೊಬ್ರು ಮೆಲ್ಲ ಬ್ಯಾಡ, ಬ್ಯಾಡ ಅಂತಿದ್ರು. ಯಾವಾಗ ಇವರು ಬ್ಯಾಡ ಅಂದ್ರೋ ಆಗ ವಿಕೆಟ್ ಹೋಯ್ತು. ನನಗೆ ಆ ಬ್ಯಾಡ ಪಿಚ್ಚಿನ ಇನ್ನೊಂದು ತುದಿಯಲ್ಲಿ ಬೇಕು. ಅದಕ್ಕೆ ತಕ್ಕೊಂಡದ್ದು."

ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಯಾವುದಕ್ಕೆ ಕರೆದರೂ ಮೊದಲು ಬ್ಯಾಡ ಎನ್ನುವುದು ನನ್ನ ಹುಟ್ಟುಗುಣ, ಅವಳು ದಿನಬೆಳಗಾದರೆ ಅದಕ್ಕೇ ಬೈಯುತ್ತಿದ್ದಳು. ಸಭೆಯ ಹಿರಿಯರೊಬ್ಬರು, ಕಾರಣ ಸರಿಯಾಗಿದೆ, ಮುಂದಕ್ಕೆ ಹೋಗಿ ಎಂದರು. ಮಗಳು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಕಣ್ಣು ತುಂಬಿ ಬಂದಿತ್ತು, ಚಹಾದ ಬಿಸಿಗೆ ಎಂಬಂತೆ ಕಪ್ಪನ್ನು ಮುಖಕ್ಕೆ ಹಿಡಿದುಕೊಂಡೆ.

ಹೇಳಿದ್ದಕ್ಕೆ ಅಂಕಲ್ ತಪ್ಪಲಿಲ್ಲ. ಮೊದಲ ಶುಕ್ರವಾರವೇ ನನ್ನನ್ನು ಆರಂಭದ ಬ್ಯಾಟಿಂಗಿಗೆ ಇಳಿಸಿದರು. ನಾನು ರನ್ ಹೊಡೆದದ್ದು ಅಷ್ಟಕ್ಕಷ್ಟೇ. ನನ್ನ ಕೆಲಸ ಒಂದು ತುದಿಯಲ್ಲಿ ನಿಂತು ಬ್ಯಾಡ ಎನ್ನುವುದು. ಬೌಂಡರಿ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಲಾಮು ತಿಕ್ಕಿಕೊಳ್ಳುತ್ತ ಕೂತ ಅಂಕಲ್, "ಇಂಜಿನಿಯರ್ರೆ, ಜೋರಾಗಿ ಹೇಳಿ!" ಎಂದು ಕೂಗುತ್ತಿದ್ದರು. ನಮ್ಮ ಟೀಮಿನಲ್ಲಿ ರನ್‌ಔಟು ನಿಜಕ್ಕೂ ಕಡಿಮೆಯಾದವು. ಸೆಮಿಫೈನಲ್ ತನಕ ಹೋದೆವು.

ಆ ಸೆಮಿಫೈನಲ್ ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಕೊನೆಯ ಚೆಂಡು. ಒಂದು ರನ್ ಓಡಿದರೆ ಸಮ, ಎರಡು ಓಡಿದರೆ ಗೆಲುವು. ಆ ಚೆಂಡಿಗೆ ಔಟಾದರೂ ಕಳೆದುಕೊಳ್ಳುವುದೇನಿಲ್ಲ, ಕಣ್ಣು ಮುಚ್ಚಿ ಓಡಬೇಕು. ನಮ್ಮ ಹುಡುಗ ಹೊಡೆದ, ಚೆಂಡು ಫೀಲ್ಡರನ ಹತ್ತಿರಕ್ಕೇ ಹೋಯಿತು. ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು, "ಬ್ಯಾಡ!" ಅವನು ಪಾಪ, ನನ್ನ ಮಾತು ಕೇಳಿ ಕೇಳಿ ರೂಢಿಯಾದವನು, ನಿಂತುಬಿಟ್ಟ. ಸೋತೆವು. ಟೀಮಿನವರೆಲ್ಲ ನನ್ನ ಮೇಲೆ ಮುಗಿಬಿದ್ದರು. ಅಂಕಲ್ ಕುಂಟುತ್ತ ಬಂದು ಎಲ್ಲರನ್ನೂ ಸರಿಸಿದರು. "ಬ್ಯಾಡ ಹೇಳ್ಲಿಕ್ಕೆ ಅಂತಲೇ ನಾನು ತಕ್ಕೊಂಡದ್ದು. ಈಗ ಯಾಕೆ ಹೇಳಿದ್ದು ಅಂತ ಕೇಳಿದ್ರೆ ಆಗ್ತದಾ?" ಎಂದು ನನ್ನ ಹೆಗಲ ಮೇಲೆ ಕೈ ಹಾಕಿ ಕಾರಿನ ತನಕ ಕರೆದುಕೊಂಡು ಹೋದರು. ಮಾರನೆಯ ವರ್ಷವೂ ನನ್ನನ್ನು ಕೊಂಡರು, ಅದರ ಮಾರನೆಯ ವರ್ಷವೂ.

ಆಮೇಲೆ ಅವರ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡಿದರು. ಆ ವಯಸ್ಸಿಗೆ ಹೊಣೆ ಹೊರುವ ಇನ್ನೊಬ್ಬ ಕಫೀಲನನ್ನು ಹುಡುಕಿ, ಇಲ್ಲಿರುವ ಪರವಾನಗಿಯಾದ ಇಕಾಮಾ ಬದಲಿಸುವ ಉಮೇದು ಅವರಿಗಿರಲಿಲ್ಲ, ಊರಿಗೆ ಹೊರಟರು. ಊರಿಗೆ ಕಳಿಸುವ ಕಾರ್ಗೋ ಡಬ್ಬಗಳಿಗೆ ಟೇಪು ಸುತ್ತಲು ನಾನು ಮೇಲಿನ ಮನೆಗೆ ಹೋಗಿದ್ದೆ. ಕೆಲಸ ಮುಗಿಸಿ ಇಬ್ಬರೂ ಡಬ್ಬದ ಮೇಲೆಯೇ ಕೂತಾಗ, ಅಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಖರೇ ಹೇಳ್ರಿ ಅಂಕಲ್, ಅವತ್ತ ನೀವು ಕೈ ಎತ್ತಿದ್ದು ಚಹಾಕ್ಕ ಹೌದಲ್ರಿ?"

ಅವರು ಜೋರಾಗಿ ನಕ್ಕರು. "ಚಾಕ್ಕೇ ಮಾರಾಯ್ರೆ, ಸುಳ್ಳು ಯಾಕೆ? ವಾಪಸ್ ಕೊಡುವ ಅಂತಲೇ ಎದ್ದು ನಿಂತದ್ದು. ನಿಮ್ಮ ಮಗಳು ನನ್ನ ಮುಖವನ್ನೇ ನೋಡ್ತಿದ್ಳು. ಬಾಯಿಗೆ ಬಂದದ್ದು ಹೇಳಿದೆ. ಹೇಳಿ ಕೂತ ಮೇಲೆ ನನಗೇ ಅನಿಸ್ತು, ಹೌದಲ್ವಾ, ಈ ಜನ ನಮಗೆ ಬೇಕಿತ್ತು ಅಂತ."

ನಾನೂ ನಕ್ಕೆ. ಮನಸ್ಸಿನ ಮೂಲೆಯಲ್ಲಿ ಎಲ್ಲೋ ಚುರುಕ್ಕೆಂದದ್ದು ಸುಳ್ಳಲ್ಲ. ಆದರೆ ಮನೆಗೆ ಇಳಿದು ಬರುವಾಗ ಯೋಚಿಸಿದೆ, ಬೇಕೆಂದು ಆರಿಸಿಕೊಂಡವರೆಷ್ಟೋ ಜನ ಆಮೇಲೆ ನಮ್ಮನ್ನು ಕೈಬಿಟ್ಟಿದ್ದಾರೆ. ಇವರು ತಪ್ಪಿ ಕೈಗೆ ಬಂದವನನ್ನು ಬಿಡಲಿಲ್ಲ. ಮಗಳಿಗೆ ಮಾತ್ರ ಆ ವಿಷಯ ಹೇಳಲಿಲ್ಲ.

ಈಗ ಹರಾಜು ಲ್ಯಾಪ್‌ಟಾಪಿನ ಮೇಲೆ ನಡೆಯುತ್ತದೆ. ಯಾರ ಹೊಡೆತ ಎಷ್ಟು, ಯಾರ ವಿಕೆಟ್ ಎಷ್ಟು ಎಂಬುದೆಲ್ಲ ಗೋಡೆಯ ಪರದೆಯ ಮೇಲೆಯೇ ಕಾಣುವುದರಿಂದ ಕಾರಣ ಹೇಳುವ ಪದ್ಧತಿ ನಿಂತುಹೋಗಿದೆ. ನಾನು ಆಡುವುದನ್ನು ಬಿಟ್ಟಿದ್ದೇನೆ. ಲಿಫ್ಟಿನಲ್ಲಿ ಆ ವಾಸನೆ ಬಂದ ಎರಡು ದಿನಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಕಲ್ ಫೋಟೋ ಬಂತು, ಮೇಲೆ ಹೂವಿನ ಚಿತ್ರ. ಊರಿನಲ್ಲಿ, ನಿದ್ದೆಯಲ್ಲೇ ಹೋದರಂತೆ. ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಕಳಿಸಿದರು, ನಾನೂ ಕಳಿಸಿದೆ. ಹೋಗಿ ಮುಖ ನೋಡಿ ಬರಲೂ ಆಗದ ದೂರದಲ್ಲಿ ಕೂತು ಇನ್ನೇನು ಮಾಡುವುದು...

ಮಗಳು ಈಗ ಪುಣೆಯಲ್ಲಿ ಓದುತ್ತಿದ್ದಾಳೆ. ಸಂಜೆ ಫೋನ್ ಮಾಡಿ ವಿಷಯ ತಿಳಿಸಿದೆ. ನನ್ನ ಜೊತೆ ಎಂದೂ ಕನ್ನಡದಲ್ಲಿ ಮಾತಾಡದವಳು, ಒಂದೊಂದೇ ಮಾತು ಹುಡುಕಿಕೊಂಡು ಕೇಳಿದಳು.

"ಪಪ್ಪಾ, ಅವತ್ತ ಅಂಕಲ್ ಚಹಾಕ್ಕ ಕೈ ಎತ್ತಿರಲಿಲ್ಲ, ಹೌದಲ್ಲ? ನಿನ್ನ ಬೇಕಂತನ ತಗೊಂಡಿದ್ರು?"

ಇಷ್ಟು ವರ್ಷ ಅವಳ ಮನಸ್ಸಿನಲ್ಲೂ ಅದು ಕೂತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ಹೌದವ್ವಾ" ಎಂದೆ. "ನನ್ನ ಬೇಕಂತನ ತಗೊಂಡಿದ್ರು. ಕಾರಣ ಹೇಳಿದ್ರಲ್ಲ, ನೀನ ಕೇಳೀದಿ."